ಮಧ್ಯಾಹ್ನವೇ ಊರು ಸೇರು

ನನ್ನವ್ವಾ,

ಮೊನ್ನೆ ನೀನು ಬಂದು ಚಾ ಕುಡಿದು, ದೀಪಾವಳಿ ಮುಗಿದ ಮೇಲೆ ಮೂರು ತಿಂಗಳು ವಯಲಿನ್ ಕಟ್ಟಿಕೊಂಡು ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗುತ್ತೇನೆ ಅಂತ ಹೇಳಿ ಹೋದೆಯಲ್ಲ, ಅವತ್ತು ರಾತ್ರಿ ನಿಮ್ಮವ್ವ ನನಗೆ ಎರಡು ಸಲ ಫೋನ್ ಮಾಡಿದಳು. ಮೊದಲನೆಯ ಸಲ, "ಕಾಕಾ, ಆಕಿಗೆ ಒಂದೀಟು ಬುದ್ಧಿ ಹೇಳ್ರಿ" ಅಂದಳು. ಅರ್ಧ ತಾಸು ಬಿಟ್ಟು ಮತ್ತೆ ಮಾಡಿ, "ಬುದ್ಧಿ ಬ್ಯಾಡ ಬಿಡ್ರಿ, ಕೇಳೂದಿಲ್ಲ. ದಾರೀನ ಹೇಳ್ರಿ" ಅಂದಳು. ಎರಡನೆಯ ಮಾತು ನನಗೆ ಹಿಡಿಸಿತು. ಎದುರಿಗೆ ಕೂತರೆ ನೀನು ನಗಿಸಿ ನಗಿಸಿ ನನ್ನ ಮಾತು ಮರೆಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಫೋನಿನಲ್ಲಿ ಅಮೆರಿಕದ ಕೆಂಟಕಿಯ ಬೆನ್ ಸೋಲಿ ಎಂಬಾತನನ್ನು ತೋರಿಸಿದೆ. ದೊಡ್ಡ ಚೆಲ್ಲೊ ವಾದ್ಯವನ್ನು ಸೈಕಲ್ಲಿನ ಪಕ್ಕೆಗೆ ಬಿಗಿದುಕೊಂಡು 2009ರಲ್ಲಿ ಲೆಕ್ಸಿಂಗ್ಟನ್ನಿನಿಂದ ಟೆನೆಸಿಯ ಬೊನಾರೂ ಉತ್ಸವದವರೆಗೆ ಸುಮಾರು 330 ಮೈಲಿ ತುಳಿದವನು. ನೋಡಿ ನೀನು ಬೆರಗಾಗಿದ್ದೆ. ನಾನು ಬೆರಗಾಗಲಿಲ್ಲ, ನನಗೆ ಸೊಂಟ ನೋವು ನೆನಪಾಯಿತು. 1971ರಿಂದ ಹದಿನೆಂಟು ವರ್ಷ ನಾನೂ ಅದನ್ನೇ ಮಾಡಿದವನಲ್ಲವೇ? ಆದರೆ ಆಗ ಅದನ್ನು ಯಾರೂ ಪ್ರವಾಸ ಅನ್ನುತ್ತಿರಲಿಲ್ಲ. "ಪೇಟಿ ಮಾಸ್ತರ ಬಂದ" ಅನ್ನುತ್ತಿದ್ದರು, ಅಷ್ಟೇ.

ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎಂದೇ ಹೆಸರು. ಜಾತ್ರೆಗೆ ನಾಟಕ ಆಡದ ಊರು ಆಗ ಇರಲಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಊರ ಹುಡುಗರು ವಂತಿಗೆ ಕೂಡಿಸಿ ನಾಟಕದ ಪುಸ್ತಕ ತರುವರು, ಹಾಡು ಕಲಿಸಲು ಪೇಟಿ ಮಾಸ್ತರನನ್ನು ಗೊತ್ತುಮಾಡುವರು. ನಾನು ಶಾಲೆ ಬಿಟ್ಟ ಮೇಲೆ ಸಂಜೆ ಅಟ್ಲಾಸ್ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಚೀಲ ಹಾಸಿ, ಹತ್ತು ಕಿಲೋ ಪೇಟಿ ಇಟ್ಟು, ಹಳೆಯ ಟ್ಯೂಬಿನಿಂದ ಬಿಗಿದು ಹೊರಡುತ್ತಿದ್ದೆ. ಒಂದು ಊರಿನ ತಾಲೀಮು ಮುಗಿಸಿ ಇನ್ನೊಂದು ಊರು. ಹೀಗಾಗಿ ನಿನಗೆ ಹೇಳಲು ನನಗೆ ಸಂಗೀತದ ಅಧಿಕಾರ ಅಷ್ಟಿಲ್ಲದಿದ್ದರೂ ಪಂಚರಿನ ಅಧಿಕಾರ ಇದೆ.

ಮೊದಲು ಅದೇ. ನಿನ್ನ ಹೊಸ ಗೇರಿನ ಸೈಕಲ್ಲು ನೋಡಲು ಚೆನ್ನಾಗಿದೆ. ಎತ್ತಿದರೆ ಎರಡು ಬೆರಳಿಗೆ ಬರುತ್ತದೆ. ಆದರೆ ಅದರ ಟ್ಯೂಬಿಗಿರುವ ಆ ಸಣ್ಣ ಸೂಜಿಯಂಥ ವಾಲ್ವಿಗೆ ಹವಾ ಹಾಕುವ ಪಂಪು ಹುಬ್ಬಳ್ಳಿ ದಾಟಿದ ಮೇಲೆ ಯಾರ ಅಂಗಡಿಯಲ್ಲಿ ಸಿಕ್ಕೀತು? ರೋಣದ ಆಚೆ ಸ್ಪೋಕ್ ಮುರಿದರೆ ಆ ಅಳತೆಯ ಸ್ಪೋಕ್ ಎಲ್ಲಿ ತರುತ್ತೀ? 2006–07ರಿಂದ ಸರ್ಕಾರ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಅದರ ಪುಣ್ಯದಿಂದ ಯಾವ ಹಳ್ಳಿಗೆ ಹೋದರೂ ಆ ಸಾದಾ ಸೈಕಲ್ಲಿನ ಟ್ಯೂಬು, ಬ್ರೇಕ್ ರಬ್ಬರು, ಪೆಡಲ್ಲು ಯಾವುದಾದರೊಂದು ಮನೆಯ ಅಟ್ಟದಲ್ಲಿ ಸಿಗುತ್ತದೆ. ಅಂಥದೇ ಸೈಕಲ್ ತಗೋ. ಏರಿನಲ್ಲಿ ಇಳಿದು ನೂಕಿದರೆ ಮಾನ ಹೋಗುವುದಿಲ್ಲ. ಪಂಚರ್ ಹಾಕುವುದನ್ನು ಹೊರಡುವ ಮೊದಲೇ ಕಲಿ. ನೀರಿನ ಬುಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕುವುದು, ಉಜ್ಜುವುದು, ಸೊಲ್ಯೂಷನ್ ಹಚ್ಚಿ ಅದು ಒಣಗುವವರೆಗೆ ತಾಳುವುದು. ಆ ತಾಳ್ಮೆ ಇಲ್ಲದೆಯೇ ಎಲ್ಲರ ಪ್ಯಾಚೂ ಕಿತ್ತು ಬರುವುದು. ನಾಲ್ಕು ಇಂಚು ವಾಲ್‌ಟ್ಯೂಬ್ ಜೇಬಿನಲ್ಲಿರಲಿ. ರಸ್ತೆ ಬದಿಯಲ್ಲಿ ಬಳ್ಳಾರಿ ಜಾಲಿ ಕಂಡರೆ ಮಧ್ಯಕ್ಕೆ ಸರಿ. ಕಳೆ ಬೆಳೆದ ಕಾಲುದಾರಿಯಲ್ಲಿ ನೆಗ್ಗಿಲು ಇರುತ್ತದೆ, ಅಲ್ಲಿ ಸೈಕಲ್ ಹೊತ್ತುಕೋ.

ಹೊತ್ತುಕೊಳ್ಳುವ ಇನ್ನೊಂದು ಪ್ರಸಂಗ ಎರೆ ಭೂಮಿಯದು. ನೀನು ಧಾರವಾಡದ ಕೆಂಪು ಮಣ್ಣಿನಲ್ಲಿ ಬೆಳೆದವಳು, ನಿನಗೆ ಎರೆ ಮಣ್ಣಿನ ಪ್ರೀತಿ ಗೊತ್ತಿಲ್ಲ. ನವಲಗುಂದ, ಅಣ್ಣಿಗೇರಿ, ನರಗುಂದದ ಹೊಲದ ದಾರಿಯಲ್ಲಿ ಹಿಂಗಾರಿನ ಒಂದು ಮಳೆ ಬಿತ್ತೋ, ಮಣ್ಣು ಗಾಲಿಗೆ ಸುತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿಯಿಂದ ಕೆರೆದು ಹತ್ತು ಹೆಜ್ಜೆ ಹೋಗು, ಮತ್ತೆ ಅದೇ. ಆಗ ಸೈಕಲ್ಲು ನಿನ್ನ ಮೇಲೆ ಸವಾರಿ ಮಾಡುತ್ತದೆ. ಒಮ್ಮೆ ನಾನು ಪೇಟಿಯನ್ನು ತಲೆಯ ಮೇಲೆ, ಸೈಕಲ್ಲನ್ನು ಹೆಗಲ ಮೇಲೆ ಇಟ್ಟುಕೊಂಡು ಹೋಗುತ್ತಿದ್ದುದನ್ನು ನೋಡಿದ ಒಬ್ಬ ಮುದುಕಿ, "ಅಯ್ಯ ಮಾಸ್ತರ, ಎರಡರಾಗ ಒಂದನ್ನಾದ್ರೂ ಮಾರಿಬಿಡೋ" ಅಂದಿದ್ದಳು. ಮಳೆ ಬಂದ ದಿನ ಡಾಂಬರು ಬಿಟ್ಟು ಇಳಿಯಬೇಡ.

ಕಾಲ ನೀನು ಸರಿಯಾಗಿಯೇ ಆರಿಸಿದ್ದೀ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ, ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಅವರೂ ಚಿಕ್ಕಮೇಳ ಕಟ್ಟಿಕೊಂಡು ಮನೆಯೊಳಗೆ ಆಡುತ್ತಾರೆಯೇ ಹೊರತು ಬಯಲಿಗೆ ಬರುವುದಿಲ್ಲ. ಅನುಭವಸ್ಥರು ಕಾಲದೊಂದಿಗೆ ಜಗಳ ಆಡುವುದಿಲ್ಲ ನೋಡು. ಒಂದು ತಿದ್ದುಪಡಿ ಮಾತ್ರ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಮೂಡಣ ಗಾಳಿ. ಧಾರವಾಡದಿಂದ ಗದಗಿನ ಕಡೆ ಹೊರಟರೆ ಅದು ಎದೆಗೆ ಒದೆಯುತ್ತದೆ. ಗದಗಿನ ಆಚೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಹಾಗಾಗಿ ಸೈಕಲ್ಲನ್ನು ರೈಲಿಗೆ ಹಾಕಿ ಗದಗಿಗೆ ಹೋಗಿ, ಅಲ್ಲಿಂದ ಪಡುವಣಕ್ಕೆ ಮನೆಯ ಕಡೆ ತುಳಿಯುತ್ತ ಬಾ. ಇದು ಮೋಸ ಅನ್ನಬೇಡ. ದೇವರು ಬೆನ್ನಿಗೆ ಕೈ ಹಚ್ಚುತ್ತೇನೆ ಅಂದರೆ ಬೇಡ ಅನ್ನುವವರುಂಟೇ?

ವಯಲಿನ್ನಿನ ಮಾತು. ಕ್ಯಾರಿಯರ್ ಮೇಲೆ ಕಟ್ಟಬೇಡ, ಬೆನ್ನಿಗೆ ಹಾಕಿಕೋ. ಕ್ಯಾರಿಯರ್ ಪ್ರತಿಯೊಂದು ಗುಂಡಿಯನ್ನೂ ಎಣಿಸಿ ವಾದ್ಯಕ್ಕೆ ಹೇಳುತ್ತದೆ, ನಿನ್ನ ಬೆನ್ನು ಅರ್ಧವನ್ನಾದರೂ ನುಂಗಿಕೊಳ್ಳುತ್ತದೆ. ನನ್ನ ಪೇಟಿಯ ಸ್ವರದ ಪಟ್ಟಿಗಳ ತಿರುಪು ತಿಂಗಳಿಗೊಮ್ಮೆ ಸಡಿಲಾಗುತ್ತಿದ್ದವು, ಧೂಳು ಕೂತು ಒಂದು ಗಾಂಧಾರ ಯಾವಾಗಲೂ ಕೆಮ್ಮುತ್ತಿತ್ತು. ವಯಲಿನ್ನಿನ ಹಲಗೆ ಕೂಡಿಸಿರುವುದು ಸರೇಸಿನಿಂದ. ಬಿಸಿಲಿಗೆ ಸರೇಸು ಮೆತ್ತಗಾಗಿ ಬೆಸುಗೆ ಬಿಡುತ್ತದೆ. ಹತ್ತು ಗಂಟೆಯ ಮೇಲಿನ ಬಿಸಿಲಿನಲ್ಲಿ ಅದು ನಿನ್ನ ಬೆನ್ನ ಮೇಲೆ ಇರಕೂಡದು, ಅಂದರೆ ನೀನೂ ರಸ್ತೆಯ ಮೇಲೆ ಇರಕೂಡದು. ಕಮಾನಿನ ಕೂದಲು ಸಡಿಲ ಮಾಡಿ ಇಡು. ಎರಡು ಜತೆ ತಂತಿ ಹೆಚ್ಚಿಗೆ ಇರಲಿ, ಅದನ್ನು ಮಾತ್ರ ಯಾವ ಮನೆಯ ಅಟ್ಟದಲ್ಲೂ ಹುಡುಕಲಾಗುವುದಿಲ್ಲ.

ವಾದ್ಯಕ್ಕಿಂತ ನಾಜೂಕಾದದ್ದು ನಿನ್ನ ಕೈ. ತಾಸುಗಟ್ಟಲೆ ಹ್ಯಾಂಡಲ್ ಒತ್ತಿ ಹಿಡಿದರೆ ಅಂಗೈಯ ಬುಡದಲ್ಲಿ ಒಂದು ನರ ಅದುಮಿಕೊಂಡು, ಉಂಗುರ ಬೆರಳು ಕಿರುಬೆರಳು ಎರಡೂ ಜೋಮು ಹಿಡಿಯುತ್ತವೆ. ಉಳಿದ ಸವಾರರಿಗೆ ಅದು ಬರಿಯ ಕಿರಿಕಿರಿ. ತಂತಿಯ ಮೇಲೆ ಅದೇ ಎರಡು ಬೆರಳು ಊರಬೇಕಾದ ನಿನಗೆ ಅದು ಕಛೇರಿಯ ಪ್ರಶ್ನೆ. ಹ್ಯಾಂಡಲ್ಲಿಗೆ ಮೆತ್ತನೆ ಬಟ್ಟೆ ಸುತ್ತು, ಹಿಡಿತ ಬದಲಿಸುತ್ತಿರು, ಭಾರವನ್ನು ಸೀಟಿನ ಮೇಲೆ ಹಾಕು. ಒಮ್ಮೆ ನಾನು ಹದಿನೆಂಟು ಮೈಲಿ ಎದುರುಗಾಳಿಯಲ್ಲಿ ತುಳಿದು ನೇರವಾಗಿ ಪೇಟಿಗೆ ಕೂತೆ. ಕೈ ಎಲ್ಲಿ ಬೀಳುತ್ತಿದೆ ಎಂಬುದು ಕಿವಿಗೆ ತಿಳಿಯುತ್ತಿತ್ತು, ಬೆರಳಿಗೆ ತಿಳಿಯುತ್ತಿರಲಿಲ್ಲ. ನಾಯಕಿ ಪಾತ್ರದ ಹುಡುಗ ಮೂರು ಸಲ ಪದ ನಿಲ್ಲಿಸಿ ನನ್ನ ಮುಖ ನೋಡಿದ. ನೀನು ನುಡಿಸುವುದರ ಜತೆಗೆ ಹಾಡುತ್ತೇನೆ ಬೇರೆ ಅನ್ನುತ್ತೀ. ಬಾಯಿಂದ ಉಸಿರೆಳೆಯುತ್ತ ತುಳಿದ ಗಂಟಲು ಸಂಜೆಗೆ ಜೋಳದ ದಂಟಿನ ಹಾಗೆ ಒಣಗಿರುತ್ತದೆ. ದಿನಕ್ಕೆ ಮೂವತ್ತು ಕಿಲೋಮೀಟರ್ ಸಾಕು. ಒಂದು ದಿನ ತುಳಿ, ಒಂದು ದಿನ ಇರು. ಮೂರು ತಿಂಗಳಲ್ಲಿ ಎಪ್ಪತ್ತು ಊರು ಅಂತ ಪಟ್ಟಿ ಬರೆದಿದ್ದೀಯಲ್ಲ, ಅದರಲ್ಲಿ ನಲವತ್ತು ಹೊಡೆದುಹಾಕು.

ಯಾಕೆ ಅಂತೀಯಾ? ಈ ಕಾಗದ ಬರೆಯಲು ಕೂತದ್ದೇ ಅದಕ್ಕೆ.

ನಮ್ಮ ಹಳ್ಳಿಗಳಿಗೆ ತಿರುಗುವ ಕಲಾವಿದರು ಹೊಸಬರಲ್ಲ. ಹೆಳವರು ಬರುತ್ತಾರೆ, ಎತ್ತಿನ ಮೇಲೆ ಕೂತು ಮನೆತನದ ಏಳು ತಲೆಮಾರಿನ ಹೆಸರು ಹೇಳುತ್ತಾರೆ. ಗೊರವರು ಬರುತ್ತಾರೆ, ಚೌಡಿಕೆ ಹಿಡಿದ ಜೋಗತಿಯರು, ದುರುಗಮುರಗಿಯವರು ಬರುತ್ತಾರೆ. ಅವರ್ಯಾರೂ ಅಪರಿಚಿತರಲ್ಲ. ಯಾವ ಮನೆಯ ಮುಂದೆ ಯಾರು ನಿಲ್ಲಬೇಕು, ಎಷ್ಟು ಸೇರು ಕಾಳು ಬರಬೇಕು ಎಂಬ ಹಕ್ಕು ಅವರ ಅಜ್ಜಂದಿರ ಕಾಲದ್ದು. ಹೆಳವನಿಗೆ ಕಾಳು ಹಾಕದಿದ್ದರೆ ಅವನು ಜಗಳ ಮಾಡಬಲ್ಲ, ಮಾಡುತ್ತಾನೆ ಕೂಡ. ನನಗೂ ಒಂದು ಕೆಲಸ ಇತ್ತು, ಊರಿನವರೇ ಕರೆಸಿದ್ದರು. ನಿನ್ನನ್ನು ಯಾರೂ ಕರೆದಿಲ್ಲ. ಇದನ್ನು ಚುಚ್ಚಲಿಕ್ಕೆ ಹೇಳುತ್ತಿಲ್ಲ, ನೆನಪಿರಲಿ ಅಂತ. ಕರೆಯದೆ ಬಂದವಳು ಸಂಜೆ ಆರಕ್ಕೆ ಊರು ಹೊಕ್ಕು, ಏಳಕ್ಕೆ ನುಡಿಸಿ, ಬೆಳಿಗ್ಗೆ ಐದಕ್ಕೆ ಎದ್ದು ಹೋದರೆ ಅದು ಊರಿಗೆ ಸಂಗೀತ ಕೊಟ್ಟಂತಲ್ಲ. ಊರಿನ ಮೇಲೆ ಸಂಗೀತ ಸುರಿದು ಹೋದಂತೆ.

ಆದ್ದರಿಂದ ಮಧ್ಯಾಹ್ನದೊಳಗೇ ಊರು ಸೇರು. ಹನ್ನೊಂದಕ್ಕೆ ಸೇರಿದರೆ ಇನ್ನೂ ಒಳ್ಳೆಯದು. ಚಾದಂಗಡಿಯಲ್ಲಿ ಕೂಡು. ಅಲ್ಲಿ ಕೂತವರು ಕೇಳುವ ಮೂರು ಪ್ರಶ್ನೆ ನಿನಗೆ ಗೊತ್ತೇ ಇವೆ: ಯಾವೂರು, ಯಾರ ಪೈಕಿ, ಮದುವೆ ಆಗಿದೆಯೋ ಇಲ್ಲವೋ. ಮೊದಲನೆಯದಕ್ಕೆ ಉತ್ತರ ಕೊಡು, ಎರಡನೆಯದಕ್ಕೆ "ಪೇಟಿ ಮಾಸ್ತರನ ಮೊಮ್ಮಗಳು" ಅನ್ನು, ಮೂರನೆಯದಕ್ಕೆ ನಗು. ಆಮೇಲೆ ನೀನು ಕೇಳು: "ಈ ಊರಾಗ ಹಾಡಾವ್ರು ಯಾರದಾರ್ರಿ?" ಈ ಒಂದು ಪ್ರಶ್ನೆ ಅರ್ಧ ಊರಿನ ಬಾಗಿಲು ತೆರೆಸುತ್ತದೆ. ಭಜನಾ ಮಂಡಳಿಯ ಹಿರಿಯರ ಹೆಸರು ಬರುತ್ತದೆ, ಡೊಳ್ಳಿನ ಪದದವರು, ಮೊಹರಮ್ಮಿನಲ್ಲಿ ರಿವಾಯತ್ ಹಾಡುವವರು ಬರುತ್ತಾರೆ. ಎಷ್ಟೋ ಊರಿನಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳು ಒಬ್ಬರು ಇದ್ದೇ ಇರುತ್ತಾರೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತಲೇ ಪಾಠ ಹೇಳಿದವರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಆಶ್ರಮವನ್ನು ಸಾಕಿದರು. ಅಲ್ಲಿಂದ ಹೊರಬಿದ್ದವರು ಈ ಸೀಮೆಯ ಮಠ, ಶಾಲೆ, ಗುಡಿಗಳಲ್ಲಿ ಹರಡಿಕೊಂಡಿದ್ದಾರೆ. ಅವರಿಗೆ ಮೊದಲು ನಮಸ್ಕಾರ ಮಾಡಿ ನಿನ್ನ ವಯಲಿನ್ ಅವರ ಮುಂದೆ ತೆಗೆ. ಸಂಜೆಯ ಕಾರ್ಯಕ್ರಮಕ್ಕೆ ಅವರೇ ಹಾಡಲಿ, ನೀನು ಜತೆಗೆ ನುಡಿಸು ಅಂತಾದರೆ ಇನ್ನೇನು ಬೇಕು?

ಗುರುವನ್ನು ಹುಡುಕಿಕೊಂಡು ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದು ವರ್ಷದ ಹುಡುಗ, ಮನೆ ಬಿಟ್ಟು ರೈಲು ಹತ್ತಿ ಉತ್ತರ ಹಿಂದೂಸ್ತಾನವನ್ನೆಲ್ಲ ಸುತ್ತಿದರಲ್ಲ. ಕೊನೆಗೆ ಗುರು ಸಿಕ್ಕದ್ದು ಎಲ್ಲಿ? ಮನೆಯ ಹಿತ್ತಲಂತಿರುವ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಅದೇ ಕುಂದಗೋಳಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಹೋಗಿ ಬರುತ್ತಿದ್ದರು. ನೀನು ಆ ಊರನ್ನು ಪಟ್ಟಿಯ ಮೊದಲಲ್ಲಿ ಹಾಕಿದ್ದೀ, ಸಂಗೀತಕ್ಕೆ ಹೆಸರಾದ ನಾಡಿಗೇರರ ವಾಡೆ ನೋಡಬೇಕು ಅಂತ. ನನ್ನ ಕೇಳಿದರೆ ಕೊನೆಗೆ ಹಾಕು. ಅಲ್ಲಿನವರಿಗೆ ಸಂಗೀತ ಕೇಳಿ ಕೇಳಿ ಕಿವಿ ಪಳಗಿದೆ. ಮೂರು ತಿಂಗಳು ತಿರುಗಿ, ಬೆರಳು ಕಪ್ಪಾಗಿ, ನಾಲ್ಕು ಹೊಸ ಪದ ಕಲಿತು ಹೋದರೆ ಅವರಿಗೂ ಏನೋ ಕೇಳಿಸಿದಂತಾಗುತ್ತದೆ.

ಕೂಡುವ ಜಾಗದ ಬಗ್ಗೆ ಹೇಳಲೇಬೇಕು, ಬೇರೆ ಯಾರೂ ನಿನಗೆ ಹೇಳುವುದಿಲ್ಲ. ಊರ ಗೌಡರು ಪ್ರೀತಿಯಿಂದ ಗುಡಿಯ ಪೌಳಿಯಲ್ಲಿ ಜಮಖಾನೆ ಹಾಸಿಸುತ್ತಾರೆ. ಚೆಂದ ಇರುತ್ತದೆ, ಕಲ್ಲಿನ ಗೋಡೆ, ನಾದ ತುಂಬಿ ನಿಲ್ಲುತ್ತದೆ. ಆದರೆ ಕೂತ ಮೇಲೆ ಒಮ್ಮೆ ಕಣ್ಣೆತ್ತಿ ನೋಡು, ಆ ಊರಿನ ಯಾವ ಕೇರಿಯವರು ಬಂದಿಲ್ಲ ಎಂದು. ನಾನು ಎಷ್ಟೋ ವರ್ಷ ನೋಡಲಿಲ್ಲ. ಒಂದು ಊರಿನಲ್ಲಿ ತಾಲೀಮು ನಡೆಯುವಾಗ ಪೌಳಿಯ ಹೊರಗಿನ ಕತ್ತಲಲ್ಲಿ ಯಾರೋ ನನ್ನ ಪೇಟಿಯ ಸ್ವರಕ್ಕೆ ಹಲಗೆಯ ಮೇಲೆ ಬೆರಳಿನಿಂದ ಸಣ್ಣಗೆ ಠೇಕಾ ಹಿಡಿಯುತ್ತಿದ್ದರು. ನಮ್ಮ ತಬಲಾದವನಿಗಿಂತ ಸರಿಯಾಗಿತ್ತು. ಒಳಗೆ ಕರೆಯಿರಿ ಅಂದೆ. ಯಾರೂ ಮಾತಾಡಲಿಲ್ಲ. ನಾನೂ ಎದ್ದು ಹೊರಗೆ ಹೋಗಲಿಲ್ಲ, ಪದ ಮುಂದುವರಿಸಿದೆ. ಐವತ್ತು ವರ್ಷವಾಗುತ್ತ ಬಂತು, ಆ ಠೇಕಾ ಇನ್ನೂ ಕಿವಿಯಲ್ಲಿದೆ. ನೀನು ಸರ್ಕಾರಿ ಶಾಲೆಯ ಅಂಗಳ ಕೇಳು. ಅಲ್ಲಿಗೆ ಎಲ್ಲರ ಮಕ್ಕಳೂ ಹೋಗುತ್ತಾರೆ, ಹಾಗಾಗಿ ಎಲ್ಲರೂ ಬರುತ್ತಾರೆ. ಗೌಡರಿಗೆ ಬೇಸರವಾದರೆ ಬೆಳಿಗ್ಗೆ ಗುಡಿಯಲ್ಲಿ ಅರ್ಧ ತಾಸು ಬೇರೆ ನುಡಿಸು.

ಹೊತ್ತು ಒಂಬತ್ತರ ಮೇಲೆ ಇಟ್ಟುಕೋ. ಅದಕ್ಕಿಂತ ಮೊದಲು ಟಿ.ವಿ.ಯ ಧಾರಾವಾಹಿ ಇರುತ್ತದೆ, ಅದರೊಂದಿಗೆ ಸ್ಪರ್ಧೆಗೆ ಇಳಿಯಬೇಡ, ಸೋಲುತ್ತೀ. ಹೆಂಗಸರು ಪಾತ್ರೆ ತೊಳೆದು, ಮಗುವನ್ನು ಮಲಗಿಸಿ ಬಂದು ಹಿಂದೆ ಗೋಡೆಗೆ ಆತು ಕೂಡುವವರೆಗೆ ಶ್ರುತಿ ಮಾಡುತ್ತಿರು. ಅವರು ಬಂದ ಮೇಲೆಯೇ ಕಾರ್ಯಕ್ರಮ. ರೈತರಲ್ಲಿ ಕೆಲವರು ಮಧ್ಯದಲ್ಲಿ ಎದ್ದು ಹೋಗುತ್ತಾರೆ, ನಿನ್ನ ಯಮನ್ ಕೆಟ್ಟಿತು ಅಂತ ತಿಳಿಯಬೇಡ. ತ್ರೀ ಫೇಸ್ ಕರೆಂಟು ಬಂದಿರುತ್ತದೆ, ಪಂಪ್ ಚಾಲೂ ಮಾಡಿ ನೀರು ಹಾಯಿಸಬೇಕು. ಮೈಕು ಬೇಡವೇ ಬೇಡ. 2000ನೇ ಇಸವಿಯಿಂದ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ನಿಷೇಧವಿದೆ ಎಂಬುದು ಒಂದು. ಮೈಕು ಇದ್ದರೆ ಜನ ದೂರ ಕೂಡುತ್ತಾರೆ ಎಂಬುದು ಅದಕ್ಕಿಂತ ದೊಡ್ಡದು.

ಏನು ನುಡಿಸಲಿ ಅಂತ ಕೇಳಿದ್ದೆ. ರಾಗದ ಆರೋಹಣ ಅವರೋಹಣ ವಿವರಿಸಲು ಹೋಗಬೇಡ, ಹಾಗಂತ ಅವರಿಗೆ ತಿಳಿಯುವುದಿಲ್ಲವೆಂದು ಸಿನಿಮಾ ಹಾಡನ್ನೇ ಸುರಿಯಬೇಡ. ಕಂಪನಿ ನಾಟಕದ ಪದಗಳಲ್ಲಿ ಭೀಮಪಲಾಸ, ಮಾಲಕಂಸ, ಭೈರವಿಗಳನ್ನು ಈ ಜನ ಹೆಸರಿಲ್ಲದೆ ಕುಡಿದಿದ್ದಾರೆ. ಒಬ್ಬ ಕುರಿಗಾರ ನನಗೆ ಒಮ್ಮೆ, "ಮಾಸ್ತರ, ನಿನ್ನಿ ಬಾರಿಸಿದ್ದು ಹೊತ್ತು ಮುಳುಗೂ ಹೊತ್ತಿಂದು, ಇವತ್ತು ಬಾರಿಸಿದ್ದು ನಡುರಾತ್ರಿದು, ಯಾಕ?" ಅಂದಿದ್ದ. ಎರಡೂ ದಿನ ಒಂಬತ್ತು ಗಂಟೆಗೇ ಕೂತಿದ್ದೆವು. ಮೊದಲು ಅವರಿಗೆ ಗೊತ್ತಿರುವ ಒಂದು ಪದ ನುಡಿಸು, ಶಿಶುನಾಳ ಷರೀಫರದು ಯಾವುದಾದರೂ ಸರಿ, ಅವರು ತಾವಾಗಿ ಹಾಡತೊಡಗುತ್ತಾರೆ. ಆಗ ನೀನು ಸೋಲೋ ಬಿಟ್ಟು ಅವರ ಹಿಂದೆ ಸರಿ. ಅವರ ಶ್ರುತಿ ಏರುತ್ತದೆ, ಲಯ ಓಡುತ್ತದೆ, ನೀನೂ ಏರು, ಓಡು. ತಿದ್ದಬೇಡ. ಮುಕ್ಕಾಲು ತಾಸಿನಲ್ಲಿ ನಿನ್ನದು ಮುಗಿಸು. ಉಳಿದದ್ದು ಅವರದು.

ನಿನಗೆ ಒಂದು ರಾತ್ರಿಯ ವಿಷಯ ಹೇಳಿಲ್ಲ. ನಿಮ್ಮಜ್ಜಿಗೆ ಮಾತ್ರ ಹೇಳಿದ್ದೆ. ಯಾವ ವರ್ಷವೋ ಮರೆತಿದೆ, ಎಳ್ಳಮಾವಾಸ್ಯೆ ಕಳೆದು ನಾಲ್ಕು ದಿನ. ನಾಟಕದ ತಾಲೀಮಿಗೆ ಒಂದು ಊರಿಗೆ ಹೋದೆ. ಅಗಸೆಯಲ್ಲೇ ತಿಳಿಯಿತು, ನಾಯಕನ ಪಾತ್ರ ಮಾಡುವ ಹುಡುಗನ ತಂದೆ ಅವತ್ತು ಮಧ್ಯಾಹ್ನ ತೀರಿಕೊಂಡಿದ್ದ. ಮಗಳು ದೂರದ ಊರಿನಿಂದ ಬರಬೇಕಿತ್ತು, ಹೆಣ ಬೆಳಗಿನವರೆಗೆ ಇಡುವುದು. ಸೈಕಲ್ ತಿರುಗಿಸುತ್ತಿದ್ದೆ. ಭಜನೆಯ ಮುದುಕ ಒಬ್ಬ ಬಂದು ಹ್ಯಾಂಡಲ್ ಹಿಡಿದು, "ಮಾಸ್ತರ, ನಮ್ಮ ಕಡೆ ಬರೇ ತಾಳ, ದಮ್ಮಡಿ ಅದಾವು. ಪೇಟಿ ಇದ್ದರ ಛಲೋ ಆಗ್ತದ" ಅಂದ. ಗೋಡೆಗೆ ಒರಗಿಸಿ ಕೂರಿಸಿದ್ದ ಆ ಮನುಷ್ಯನ ಎದುರಿಗೆ, ಊದುಬತ್ತಿ ಹೊಗೆಯಲ್ಲಿ, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಬಾರಿಸಿದೆ. ಅವರು ಹಾಡಿದ ಪದಗಳಲ್ಲಿ ನನಗೆ ಗೊತ್ತಿದ್ದವು ನಾಲ್ಕೋ ಐದೋ. ಉಳಿದವನ್ನು ಹಿಂದೆ ಹಿಂದೆ ಹುಡುಕುತ್ತ ಹೋದೆ. ಯಾರೂ ನನ್ನ ಕಡೆ ನೋಡಲಿಲ್ಲ. ಅಷ್ಟು ಚೆನ್ನಾಗಿ ನಾನು ಜೀವಮಾನದಲ್ಲಿ ಇನ್ನೊಮ್ಮೆ ಬಾರಿಸಿಲ್ಲ. ಬೆಳಿಗ್ಗೆ ಆ ಹುಡುಗ ಒಂದು ಲೋಟ ಚಾ ತಂದು ಕೊಟ್ಟು ಏನೂ ಹೇಳದೆ ಹೋದ. ಆ ವರ್ಷ ಆ ಊರಿನಲ್ಲಿ ನಾಟಕ ಆಗಲಿಲ್ಲ.

ಮೊಬೈಲಿನ ವಿಷಯ. ನೀನು ದಿನಕ್ಕೊಂದು ರೀಲು ಹಾಕಬೇಕು ಅಂತ ನಿನ್ನ ಗೆಳತಿ ಹೇಳಿದ್ದು ಕೇಳಿಸಿಕೊಂಡೆ. ಸೈಕಲ್ ತುಳಿಯುವುದನ್ನು ಹಾಕಿಕೋ, ಯಾರು ಬೇಡ ಅನ್ನುತ್ತಾರೆ? ಆದರೆ ಊರಿನೊಳಗೆ ಅದು ಚೀಲದಲ್ಲಿರಲಿ. ಬೀಸುವ ಪದ, ಸೋಬಾನೆ ಹೇಳುವ ಮುದುಕಿಯರು ಕ್ಯಾಮೆರಾ ಕಂಡರೆ ಸೆರಗು ಎಳೆದು ಬೇರೆಯೇ ದನಿಯಲ್ಲಿ ಹಾಡುತ್ತಾರೆ. ಹಲಸಂಗಿ ಗೆಳೆಯರು ಗರತಿಯರ ಹಾಡು ಕೂಡಿಸಿದ್ದು ಮಂದಿಯ ಮನೆಯ ಪಡಸಾಲೆಯಲ್ಲಿ ಕೂತು, ಕಿವಿಯಿಂದ. ಎರಡನೆಯ ದಿನ ಅವರೇ "ಬರಕೋವ್ವಾ" ಅಂದಾಗ ಬರೆದುಕೋ, ಹೇಳಿದವಳ ಹೆಸರು ಊರು ಮೇಲೆ ಬರೆದುಕೋ. ಮುಂದೆ ನೀನು ಧಾರವಾಡದ ಸಭಾಭವನದಲ್ಲಿ ಆ ಮಟ್ಟು ನುಡಿಸಿದರೆ ಅವಳ ಹೆಸರು ಹೇಳಬೇಕಾಗುತ್ತದೆ.

ಇನ್ನೊಂದು: "ಈಕಿ ಸೈಕಲ್ ಮ್ಯಾಲೆ ಬಂದಾಳ" ಅಂತ ಯಾರಾದರೂ ಪರಿಚಯ ಮಾಡಿಸಿ ಚಪ್ಪಾಳೆ ಹೊಡೆಸಿದರೆ ಅದನ್ನು ಒಳಗೆ ಬಿಟ್ಟುಕೊಳ್ಳಬೇಡ. ಎದುರಿಗೆ ಕೂತವರಲ್ಲಿ ಅರ್ಧ ಜನ ಅದೇ ಸೈಕಲ್ ಮೇಲೆ ಹಾಲಿನ ಕ್ಯಾನು, ಮೇವಿನ ಹೊರೆ, ಹೆರಿಗೆ ನೋವಿನ ಹೆಂಡತಿಯನ್ನು ಕೂಡ ಒಯ್ದವರು.

ದುಡ್ಡು ಕೇಳಬೇಡ, ಕೊಟ್ಟರೆ ಬೇಡ ಅನ್ನಬೇಡ. ಬೇಡ ಅಂದರೆ ಅವರ ಮರ್ಯಾದೆಗೆ ಕುಂದು. ಕೊಡುವುದು ಏನು ಅಂತ ಹೇಳಲಾಗದು. ಟೆಂಗಿನಕಾಯಿ, ಕುಪ್ಪಸದ ಖಣ, ಶೇಂಗಾ, ಜೋಳ. ಒಂದು ಊರಿನವರು ನನಗೆ ಎಂಟು ಕಿಲೋದ ಕುಂಬಳಕಾಯಿ ಕೊಟ್ಟರು. ಪೇಟಿಯ ಮೇಲೆ ಕುಂಬಳಕಾಯಿ, ಅದರ ಮೇಲೆ ಟಾರ್ಚು. ಮುಂದಿನ ಊರಿನಲ್ಲಿ ಅದನ್ನೇ ಪಲ್ಯ ಮಾಡಿಸಿ ಎಲ್ಲರೂ ಉಂಡೆವು. ನೀನೂ ಹಾಗೇ ಮಾಡು, ಈ ಊರಿನ ಕಾಳು ಆ ಊರಿನ ಒಲೆಗೆ. ಎಳ್ಳಮಾವಾಸ್ಯೆಯ ದಿನ ಮಾತ್ರ ಎಲ್ಲಿಗೂ ತುಳಿಯಬೇಡ, ಇದ್ದ ಊರಿನಲ್ಲೇ ಇರು. ಚರಗ ಚೆಲ್ಲಲು ಹೊಲಕ್ಕೆ ಕರೆದೊಯ್ಯುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಅವತ್ತು ನಿನ್ನ ದಿನಕ್ಕೆ ಮೂವತ್ತು ಕಿಲೋಮೀಟರಿನ ಲೆಕ್ಕ ಮುರಿದರೂ ಚಿಂತೆ ಇಲ್ಲ.

ನಿಮ್ಮವ್ವನ ಹೆದರಿಕೆಗೆ ನಾಲ್ಕು ಮಾತು, ಅವಳು ಈ ಕಾಗದ ಓದೇ ಓದುತ್ತಾಳೆ. ಸಮುದಾಯ ಭವನದಲ್ಲಿ ಒಬ್ಬಳೇ ಮಲಗಬೇಡ. ಊರು ಸೇರಿದ ಕೂಡಲೇ ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕಾಣು. ಯಾವ ಮನೆಯಲ್ಲಿ ನಿರಾತಂಕವಾಗಿ ಮಲಗಬಹುದು, ಯಾವ ಮನೆಯಲ್ಲಿ ಕೂಡದು ಎಂಬುದು ಪಂಚಾಯಿತಿ ಅಧ್ಯಕ್ಷರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮನಸ್ಸು ಒಪ್ಪದ ಊರಿನಲ್ಲಿ ನುಡಿಸದೆ ಮುಂದೆ ಹೋಗು, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಕತ್ತಲಾದ ಮೇಲೆ ತುಳಿಯಬೇಡ, ಕಬ್ಬಿನ ಟ್ರ್ಯಾಕ್ಟರುಗಳಿಗೆ ಹಿಂದಿನ ದೀಪ ಇರುವುದಿಲ್ಲ. ದಿನಾ ರಾತ್ರಿ ಅವ್ವನಿಗೆ ಫೋನ್ ಮಾಡು. ನನಗೆ ಬೇಡ, ನಾನು ಎಂಟಕ್ಕೇ ಮಲಗುತ್ತೇನೆ.

ನನ್ನ ಹಳೆಯ ಕೈಪಂಪು ಅಟ್ಟದಿಂದ ತೆಗೆಸಿದ್ದೇನೆ. ಒಳಗಿನ ಚರ್ಮದ ವಾಶರ್ ಒಣಗಿ ಚಕ್ಕೆಯಾಗಿತ್ತು, ಹರಳೆಣ್ಣೆಯಲ್ಲಿ ಎರಡು ದಿನದಿಂದ ನೆನೆಹಾಕಿದ್ದೇನೆ. ನಿನ್ನೆ ಒಮ್ಮೆ ಹಾಕಿ ನೋಡಿದೆ, ಹತ್ತರಲ್ಲಿ ಆರು ಸಲ ಹವಾ ಹಿಡಿಯುತ್ತದೆ. ಇನ್ನೂ ಒಂದು ದಿನ ನೆನೆಯಲಿ. ನಾಡಿದ್ದು ಬಂದು ಒಯ್ಯಿ, ನಾಲ್ಕರೊಳಗೆ ಬಾ, ಆಮೇಲೆ ಕರೆಂಟು ಇರುವುದಿಲ್ಲ. ಬರುವಾಗ ಆ ಗೇರಿನ ಸೈಕಲ್ಲನ್ನೇ ತಾ, ಒಂದು ಸಲ ಈ ಓಣಿಯ ತುದಿಯವರೆಗೆ ನಾನೂ ತುಳಿದು ನೋಡುತ್ತೇನೆ. ನಿಮ್ಮವ್ವನಿಗೆ ಹೇಳಬೇಡ.